ಜಪ್ತಿಯಾದ ಮೀನಿನ ಬಗ್ಗೆ ಸದನದಲ್ಲಿ ಉತ್ತರಿಸುವಾಗ ಪಾಲಿಸಬೇಕಾದ ಕ್ರಮಗಳು

ಸಂಖ್ಯೆ: ಪ್ರಶಾ/ಮೀನು/27/1967
ಇಲಾಖೆಯ ಪ್ರಶ್ನೋತ್ತರ ಶಾಖೆ, ಕೇಪ್ ಟೌನ್
ದಿನಾಂಕ: 14ನೇ ಮಾರ್ಚ್ 1967

ಸುತ್ತೋಲೆ

ವಿಷಯ: ರೂಯಿಬಾಂಕ್ ಕೊಲ್ಲಿಯಲ್ಲಿ ಜಪ್ತಿಯಾದ ಬಲೆ ಮತ್ತು ಮೀನಿನ ಕುರಿತು ಮಾನ್ಯ ಸದಸ್ಯ ಶ್ರೀ ಲೈನಲ್ ಹ್ಯಾಥರ್ಲಿ ಅವರ ಪ್ರಶ್ನೆ, ಅದರಿಂದ ಉಂಟಾದ ನಗು, ಮುಂದೆ ಹಾಗಾಗದಂತೆ ತಡೆಯುವ ಬಗ್ಗೆ.

ಉಲ್ಲೇಖ: 1) ಕಳೆದ ಶುಕ್ರವಾರದ ಸದನದ ನಡಾವಳಿ. 2) ಅದೇ ದಿನ ಸಂಜೆ ಮಾನ್ಯ ಸಚಿವರು ಮೌಖಿಕವಾಗಿ ವ್ಯಕ್ತಪಡಿಸಿದ ಅಭಿಪ್ರಾಯ (ಕಡತದಲ್ಲಿ ದಾಖಲಿಸಿಲ್ಲ).

ಪ್ರಸ್ತಾವನೆ:

1. ರೂಯಿಬಾಂಕ್ ಕೊಲ್ಲಿಯ ಮರಳು ಒಂದು ಫಲಕದಿಂದ ಎರಡು ಭಾಗವಾಗಿರುವುದು ಎಲ್ಲ ಸಿಬ್ಬಂದಿಗೂ ತಿಳಿದೇ ಇದೆ. ಫಲಕದ ಪೂರ್ವಕ್ಕೆ ಬಿಳಿಯರು, ಪಶ್ಚಿಮಕ್ಕೆ ಉಳಿದವರು. ಪಶ್ಚಿಮ ಭಾಗದಲ್ಲಿ ಎಬೆನ್ ಪೊಗೆನ್‌ಪೂಲ್ ಎಂಬ ಮಿಶ್ರವರ್ಣೀಯ ಬೆಸ್ತರು, ತಮ್ಮ ತಂದೆಯ ಕಾಲದಿಂದ ಬಂದ ಎಳೆಬಲೆಯನ್ನು ದೋಣಿಯಲ್ಲಿ ಒಯ್ದು ನೀರಿಗೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಎಳೆದು ಮೀನು ಹಿಡಿಯುತ್ತಾರೆ. ಅವರ ಮನೆಯ ಒಲೆಯೂ ಹಗ್ಗ ಎಳೆಯುವವರ ಮನೆಗಳ ಒಲೆಗಳೂ ಉರಿಯುವುದು ಆ ಒಂದು ಬಲೆಯಿಂದ.

2. ಘಟನೆಯ ದಿನ ಆಗ್ನೇಯದ ಗಾಳಿ ಬೀಸುತ್ತಿದ್ದು, ಕಡಲಿನ ಒಳಸೆಳೆತ ಅದರ ಎದುರು ದಿಕ್ಕಿಗೆ ತಿರುಗಿದ ಪರಿಣಾಮ, ಹಳದಿಬಾಲದ ಮೀನು ತುಂಬಿದ್ದ ಬಲೆಯು ಪರವಾನಗಿ ಇಲ್ಲದೆ ಫಲಕವನ್ನು ದಾಟಿ ಬಿಳಿಯರ ನೀರಿಗೆ ಪ್ರವೇಶಿಸಿತು. ಅಲ್ಲಿ ಸ್ನಾನ ಮಾಡುತ್ತಿದ್ದ ಬಿಳಿಯರು ಗಾಬರಿಯಾಗಿ ಓಡುವುದು ನಿರೀಕ್ಷಿತವಾಗಿತ್ತು. ಬದಲಾಗಿ ಅವರು ಹಗ್ಗ ಹಿಡಿದು ಎಳೆಯಲು ಕೈಜೋಡಿಸಿದರು. ಅವರಲ್ಲಿ ಈ ಇಲಾಖೆಯ ಜಂಟಿ ಕಾರ್ಯದರ್ಶಿಗಳ ಪತ್ನಿಯವರೂ ಇದ್ದರು ಎಂಬ ಅಂಶವು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

3. ಸ್ಥಳಕ್ಕೆ ಧಾವಿಸಿದ ಕಾನ್‌ಸ್ಟೇಬಲ್ ಫರ್‌ಮಾಕ್ ಅವರು ಗಡಿ ದಾಟಿದವರು ಯಾರೆಂದು ವಿಚಾರಿಸಲಾಗಿ, ಎಬೆನ್ ಅವರು ಫಲಕದ ಪಶ್ಚಿಮಕ್ಕೇ ನಿಂತು ಹಗ್ಗದ ತುದಿ ಹಿಡಿದಿದ್ದು ಕಂಡುಬಂದಿದೆ. ಅವರ ಹೇಳಿಕೆ ಠಾಣೆಯಲ್ಲಿ ಯಥಾವತ್ತಾಗಿ ದಾಖಲಾಗಿದೆ: “ನನ್ನ ಕಾಲು ಈ ಕಡೆನೇ ಇದೆ ಯಜಮಾನ್ರೇ, ಬಗ್ಗಿ ನೋಡಿ. ದಾಟಿರೋದು ಮೀನು. ಅದಕ್ಕೆ ಬೋರ್ಡು ಓದೋಕೆ ಬರಲ್ಲ.”

4. ದಾಟಿದ್ದು ಮೀನು ಎಂದು ಖಚಿತವಾದ ಮೇಲೆ ಕಾನ್‌ಸ್ಟೇಬಲ್ ಅವರು ಮೀನನ್ನೂ, ಅದಕ್ಕೆ ಕುಮ್ಮಕ್ಕು ನೀಡಿದ ಬಲೆಯನ್ನೂ ಜಪ್ತಿ ಮಾಡಿದರು. ಎಬೆನ್ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಶಿಕ್ಷೆಯಾದಲ್ಲಿ ಅವರ ಪರವಾನಗಿ ರದ್ದಾಗುವುದಿತ್ತು. ಪರವಾನಗಿ ಹೋದರೆ ಆ ಕೊಲ್ಲಿಯಲ್ಲಿ ಬಲೆ ಹಾಕಲು ಆ ಜನರಿಗೆ ಮತ್ತೆ ಅವಕಾಶ ಕೊಡುವ ಉದ್ದೇಶ ಸರ್ಕಾರಕ್ಕೆ ಇರಲಿಲ್ಲ.

5. ಠಾಣೆಯಲ್ಲಿ ಮೀನಿಡಲು ವ್ಯವಸ್ಥೆ ಇಲ್ಲದ್ದರಿಂದ ಪಕ್ಕದ ಮಾಂಸದಂಗಡಿಯ ಮಂಜುಗಡ್ಡೆ ಕೋಣೆಯಲ್ಲಿ ಅದನ್ನು ಎಬೆನ್ ಅವರ ಹಸಿರು ಪೆಟ್ಟಿಗೆಗಳ ಸಮೇತ ಇಡಲಾಗಿತ್ತು. ಕೆಲ ದಿನಗಳ ನಂತರ ಅಂಗಡಿಯವರು ವಾಸನೆಯ ಕುರಿತು ಲಿಖಿತ ಆಕ್ಷೇಪಣೆ ಸಲ್ಲಿಸಿದ ಮೇರೆಗೆ ಮೀನನ್ನು ಹರಾಜು ಹಾಕಲಾಯಿತು. ಕೊಂಡವರು ಸದನದ ಭೋಜನಶಾಲೆಯ ಗುತ್ತಿಗೆದಾರರು. ಅವರು ಅದನ್ನು ‘ಇಂದಿನ ತಾಜಾ ಮೀನು’ ಎಂದು ಬಡಿಸಿದರು.

6. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಓದಿದ್ದ ಶ್ರೀ ಹ್ಯಾಥರ್ಲಿ ಅವರು ಪ್ರಶ್ನೆ ಸಲ್ಲಿಸಿದ್ದರು. (ಅ) ಸಮುದ್ರದಲ್ಲಿ ಬಿಳಿಯರ ಗಡಿ ಎಲ್ಲಿ ಹಾದುಹೋಗುತ್ತದೆ? (ಆ) ಅದನ್ನು ಗುರುತಿಸಿದವರು ಯಾರು? (ಇ) ಜಪ್ತಿಯಾದ ಮೀನು ಈಗ ಎಲ್ಲಿದೆ? ಈ ಶಾಖೆಯು (ಅ)ಗೆ ಉತ್ತರ ಕೋರಲಾಗಿ, ನೀರು ತಮ್ಮದು, ಮರಳಲ್ಲ ಎಂದು ಮೀನುಗಾರಿಕೆಯವರೂ, ಮರಳು ತಮ್ಮದು, ಒದ್ದೆ ಮರಳಲ್ಲ ಎಂದು ಪುರಸಭೆಯವರೂ ಮರುಟಪಾಲಿನಲ್ಲಿ ತಿಳಿಸಿದರು. ಗಡಿ ಗುರುತಿಸಲು ಹೋದ ಮೋಜಣಿದಾರರು ನೆಟ್ಟ ಗೂಟವನ್ನು ಅಲೆ ಕಿತ್ತು ಪಶ್ಚಿಮ ಭಾಗಕ್ಕೆ ಒಯ್ದಿದೆ. ತಾವು ಬಿಳಿಯರಾದ್ದರಿಂದ ಅಲ್ಲಿಗೆ ಹೋಗಿ ಗೂಟ ತರಲು ಅನುಮತಿ ಬೇಕೆಂದು ಅವರು ಅರ್ಜಿ ಹಾಕಿದ್ದು, ಅರ್ಜಿ ಪರಿಶೀಲನೆಯಲ್ಲಿದೆ. (ಇ)ಗೆ ಮಾತ್ರ ಠಾಣೆಯಿಂದ ದೂರವಾಣಿಯಲ್ಲಿ ಸ್ಪಷ್ಟ ಉತ್ತರ ಬಂದಿತ್ತು. ಅದು ಹರಾಜಿಗೆ ಮುಂಚಿನದು.

7. ಉತ್ತರಿಸಬೇಕಾದ ದಿನದ ಹಿಂದಿನ ದಿನ ಎಬೆನ್ ಅವರ ಪತ್ನಿ ಶ್ರೀಮತಿ ಕ್ಯಾಟ್ರಿನ ಅವರು ಬಲೆ ಬಿಡಿಸಿಕೊಡುವಂತೆ ಶ್ರೀ ಹ್ಯಾಥರ್ಲಿ ಅವರನ್ನು ಕೇಳಲು ಸದನಕ್ಕೆ ಬಂದರು. ಮುಂಬಾಗಿಲ ಕಾವಲಿನವರು ನಿಯಮಾನುಸಾರ ಅವರನ್ನು ತಡೆದು, ಬಿಳಿಯೇತರರ ಬಾಗಿಲು ಹಿಂದೆ ಅಡುಗೆಮನೆಯ ಅಂಗಳದಲ್ಲಿದೆ ಎಂದು ಕಳುಹಿಸಿದರು. ಕಾವಲಿನವರ ತಪ್ಪೇನೂ ಇಲ್ಲ. ನಿಯಮ ಪಾಲಿಸಿದ್ದರಿಂದಲೇ ಅನಾಹುತವಾಯಿತು.

8. ಅಂಗಳದಲ್ಲಿ ಶ್ರೀಮತಿ ಕ್ಯಾಟ್ರಿನ ಅವರಿಗೆ ಹಸಿರು ಪೆಟ್ಟಿಗೆಗಳು ಕಂಡವು. ಹೊರಬಂದ ಶ್ರೀ ಹ್ಯಾಥರ್ಲಿ ಅವರಿಗೆ ಆಕೆ ಹೇಳಿದ ಮಾತನ್ನು ಆಲೂಗಡ್ಡೆ ಸುಲಿಯುತ್ತಿದ್ದವರು ಕೇಳಿಸಿಕೊಂಡಿದ್ದಾರೆ: “ಸಾರ್, ನಾನು ಬಂದಿದ್ದು ಬಲೆ ಕೇಳೋಕೆ. ಮೀನೂ ಇಲ್ಲೇ ಇದೆಯಲ್ಲ. ಈ ಪೆಟ್ಟಿಗೆಗೆ ಬಣ್ಣ ಹಚ್ಚಿದ್ದು ನಾನು. ಈ ಮೂಲೆಗೆ ತಗಡು ಹೊಡೆದಿದ್ದು ನಮ್ಮ ಮನೆಯವರು.” ಶ್ರೀ ಹ್ಯಾಥರ್ಲಿ ಅವರು ಒಂದು ಪೆಟ್ಟಿಗೆಯ ಮೇಲೆ ಕುಳಿತರು. ಆಕೆ ಇನ್ನೊಂದರ ಮೇಲೆ ಕುಳಿತರು. ಪೆಟ್ಟಿಗೆಗಳ ಮೇಲೆ ಯಾರು ಕೂರಬೇಕೆಂಬ ಫಲಕ ಇಲ್ಲದ್ದರಿಂದ ಕ್ರಮ ಕೈಗೊಳ್ಳಲು ಸಾಧ್ಯವಾಗಿಲ್ಲ. ಬಲೆ ಇಲ್ಲದೆ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಆಕೆ ಬಹಳ ಹೊತ್ತು ಹೇಳಿದರೆಂದೂ, ಅತ್ತಿಲ್ಲವೆಂದೂ, ಹೋಗುವಾಗ ಖಾಲಿ ಪೆಟ್ಟಿಗೆಗಳನ್ನಾದರೂ ಕೊಡುವಿರಾ ಎಂದು ಅಡುಗೆಯವರನ್ನು ಕೇಳಿದರೆಂದೂ ವರದಿಯಾಗಿದೆ. ಕೊಡಲಿಲ್ಲ.

9. ಮರುದಿನ ಸದನದಲ್ಲಿ ಮಾನ್ಯ ಸಚಿವರು ಈ ಶಾಖೆ ಬರೆದುಕೊಟ್ಟಂತೆ, ಮೀನು ಸರ್ಕಾರದ ಸುರಕ್ಷಿತ ವಶದಲ್ಲಿದೆ ಎಂದು ಓದಿದರು. ಶ್ರೀ ಹ್ಯಾಥರ್ಲಿ ಅವರು ಎದ್ದು ಒಂದೇ ಉಪಪ್ರಶ್ನೆ ಕೇಳಿದರು: “ಮಾನ್ಯ ಸಚಿವರು ನಿನ್ನೆ ಮಧ್ಯಾಹ್ನ ಊಟಕ್ಕೆ ಏನು ತಗೊಂಡ್ರು?” ಸಭಾಧ್ಯಕ್ಷರು ತಡೆಯುವಷ್ಟರಲ್ಲಿ ಸಚಿವರು, ಲಿಖಿತ ಉತ್ತರ ಇಲ್ಲದ ಕಾರಣ, ನಿಜ ಹೇಳಿದರು: “ಮೀನು. ಚೆನ್ನಾಗಿತ್ತು.” ಶ್ರೀ ಹ್ಯಾಥರ್ಲಿ ಅವರು, “ಹಾಗಾದ್ರೆ ಸುರಕ್ಷಿತ ವಶ ಅಂದ್ರೆ ಎಲ್ಲಿ ಅಂತ ಗೊತ್ತಾಯ್ತು ಅಧ್ಯಕ್ಷರೇ. ನನ್ನ ವಶದಲ್ಲೂ ಒಂದು ತುಂಡು ಇದೆ” ಎಂದು ಹಸಿರು ಪೆಟ್ಟಿಗೆಗಳ ಸಂಗತಿಯನ್ನು ಸದನದ ಮುಂದಿಟ್ಟರು. ನಗು ಆಡಳಿತ ಪಕ್ಷದ ಹಿಂದಿನ ಸಾಲುಗಳಲ್ಲಿ ಆರಂಭವಾಯಿತು ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ.

10. ಸಾಕ್ಷ್ಯವನ್ನು ಸದನವೇ ತಿಂದುಬಿಟ್ಟಿರುವುದರಿಂದ, ಹಾಜರುಪಡಿಸಬೇಕಾದಲ್ಲಿ ಮಾನ್ಯ ಸಚಿವರನ್ನೇ ಹಾಜರುಪಡಿಸಬೇಕಾದೀತು ಎಂದು ಸರ್ಕಾರಿ ವಕೀಲರು ಅಭಿಪ್ರಾಯಪಟ್ಟರು. ಮೊಕದ್ದಮೆ ಹಿಂಪಡೆಯಲಾಯಿತು. ಪರವಾನಗಿ ಉಳಿಯಿತು. ಬಲೆಯನ್ನು ಹಿಂದಿರುಗಿಸುವಾಗ, ಅದು ಮತ್ತೆ ಗಡಿ ದಾಟುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಕಾನ್‌ಸ್ಟೇಬಲ್ ಸೂಚಿಸಿದರು. ಎಬೆನ್ ಅವರು ಬಲೆಯನ್ನು ಹೆಗಲಿಗೇರಿಸಿಕೊಂಡು, “ಬಲೆಗೆ ನಾನು ಹೇಳ್ತೀನಿ ಯಜಮಾನ್ರೇ. ನೀರಿಗೆ ನೀವು ಹೇಳಿ” ಎಂದರು. ಶ್ರೀಮತಿ ಕ್ಯಾಟ್ರಿನ ಅವರು ಠಾಣೆಯ ಹೊರಗೆ ನಿಂತಿದ್ದು, ಬಲೆಯ ಇನ್ನೊಂದು ತುದಿ ನೆಲಕ್ಕೆ ತಾಗದಂತೆ ಎತ್ತಿಕೊಂಡರು. ಇಬ್ಬರೂ ಕಡಲಿನತ್ತ ನಡೆದುಹೋದರು. ಮುಚ್ಚಳಿಕೆಯಲ್ಲಿ ಸಹಿ ಇಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

11. ಯಾವುದೇ ವಸ್ತು ಸುರಕ್ಷಿತವಾಗಿದೆ ಎಂದು ಕರಡು ಉತ್ತರದಲ್ಲಿ ಬರೆಯುವ ಮುನ್ನ, ಸಂಬಂಧಪಟ್ಟ ಅಧಿಕಾರಿಯು ಖುದ್ದಾಗಿ ಮುಚ್ಚಳ ತೆಗೆದು ನೋಡತಕ್ಕದ್ದು. ಮೀನಾದಲ್ಲಿ ಮೂಸಿಯೂ ನೋಡತಕ್ಕದ್ದು.

12. ಪ್ರಶ್ನೆಗೆ ಒಳಪಟ್ಟಿರುವ ಯಾವುದೇ ಪದಾರ್ಥವನ್ನು ಉತ್ತರ ನೀಡುವವರೆಗೆ ಮಾನ್ಯ ಸಚಿವರಿಗೆ ಬಡಿಸತಕ್ಕದ್ದಲ್ಲ. ಈ ನಿಯಮದ ಸುಳಿವು ಹೇಗೋ ಸಿಕ್ಕಿದ ಶ್ರೀ ಹ್ಯಾಥರ್ಲಿ ಅವರು ಬ್ರೆಡ್, ಮೊಟ್ಟೆ, ಕುರಿಮಾಂಸ, ಜೋಳದ ಗಂಜಿ ಮತ್ತು ಕಾಫಿಯ ಬಗ್ಗೆ ಪ್ರತ್ಯೇಕ ಪ್ರಶ್ನೆಗಳನ್ನು ಸಲ್ಲಿಸಿದ್ದಾರೆ. ಮಾನ್ಯ ಸಚಿವರು ಸದ್ಯ ಬಾಳೆಹಣ್ಣಿನಲ್ಲಿದ್ದಾರೆ. ಈ ಮಾಹಿತಿ ಶಾಖೆಯಿಂದ ಹೊರಗೆ ಹೋಗತಕ್ಕದ್ದಲ್ಲ.

13. ಅಡುಗೆಮನೆಯ ಅಂಗಳಕ್ಕೆ ಪೆಟ್ಟಿಗೆಗಳು ಬರುವ ದಿನಗಳಂದು ಬಿಳಿಯೇತರ ಸಂದರ್ಶಕರನ್ನು ಮುಂಬಾಗಿಲಿನಿಂದಲೇ ಗೌರವಪೂರ್ವಕವಾಗಿ ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸತಕ್ಕದ್ದು. ಇದನ್ನು ಸಮಾನತೆ ಎಂದು ಯಾರೂ ಭಾವಿಸತಕ್ಕದ್ದಲ್ಲ. ಇದು ಗೌಪ್ಯತೆ. ಪೆಟ್ಟಿಗೆಗಳು ಪ್ರತಿದಿನವೂ ಬರುತ್ತವೆ ಎಂದು ಕಾವಲಿನವರು ಗಮನಕ್ಕೆ ತಂದಿದ್ದು, ಈ ಅಂಶವನ್ನು ಮೇಲಧಿಕಾರಿಗಳ ಆದೇಶಕ್ಕಾಗಿ ಮಂಡಿಸಲಾಗಿದೆ.

14. ಬಿಳಿಯೇತರರ ಬಲೆಯ ಹಗ್ಗ ಹಿಡಿದು ಎಳೆದ ಬಿಳಿಯರು ವ್ಯಾಯಾಮ ಮಾಡುತ್ತಿದ್ದರೆಂದು ಪರಿಗಣಿಸತಕ್ಕದ್ದು. ಅವರು ನಗುತ್ತಿದ್ದುದೇಕೆ ಎಂಬ ಉಪಪ್ರಶ್ನೆ ಬಂದಲ್ಲಿ, ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದು ಉತ್ತರಿಸತಕ್ಕದ್ದು.

15. ಸಮುದ್ರದ ಗಡಿ ಎಲ್ಲಿದೆ ಎಂದು ಕೇಳಿದಲ್ಲಿ, ಇದೆ ಎಂದಷ್ಟೇ ಹೇಳತಕ್ಕದ್ದು.

ಈ ಸೂಚನೆಗಳನ್ನು ಉಲ್ಲಂಘಿಸುವವರನ್ನು ರೂಯಿಬಾಂಕ್‌ಗೆ ವರ್ಗಾಯಿಸಿ, ಎರಡೂ ಬದಿಯ ನೀರನ್ನು ಬೇರೆ ಬೇರೆಯಾಗಿ ಇಡುವ ಜವಾಬ್ದಾರಿ ವಹಿಸಲಾಗುವುದು.

ಸಹಿ/-
(ಎಚ್. ಜೆ. ಲೌಬ್ಸರ್)
ಅಧೀನ ಕಾರ್ಯದರ್ಶಿ, ಪ್ರಶ್ನೋತ್ತರ ಶಾಖೆ

ಪ್ರತಿಗಳು:
1. ಮಾನ್ಯ ಸಚಿವರ ಆಪ್ತ ಕಾರ್ಯದರ್ಶಿ: ಊಟಕ್ಕೆ ಮುನ್ನ ಓದಿ ಹೇಳಲು.
2. ಜಂಟಿ ಕಾರ್ಯದರ್ಶಿಗಳು: ಮನೆಗೆ ಒಯ್ಯದಿರಲು ಕೋರಿದೆ.
3. ಭೋಜನಶಾಲೆಯ ಗುತ್ತಿಗೆದಾರರು: ‘ತಾಜಾ’ ಎಂಬ ಪದದ ಬಗ್ಗೆ ವಿವರಣೆ ಸಲ್ಲಿಸಲು.
4. ಕಾನ್‌ಸ್ಟೇಬಲ್ ಫರ್‌ಮಾಕ್, ಕರೂ ಬಯಲಿನ ಹೊಸ ಠಾಣೆ: ಅಲ್ಲಿ ಸಮುದ್ರವಿಲ್ಲವೆಂದು ದೃಢೀಕರಿಸಲು.
5. ಹೆಚ್ಚುವರಿ ಪ್ರತಿಗಳು. ಇವುಗಳಲ್ಲಿ ಒಂದು ನಿನ್ನೆಯೇ ಶ್ರೀ ಹ್ಯಾಥರ್ಲಿ ಅವರ ಬಳಿ ಇತ್ತೆಂದು ತಿಳಿದುಬಂದಿದ್ದು, ಅವರು ಬಾಳೆಹಣ್ಣಿನ ಬಗ್ಗೆ ಪ್ರಶ್ನೆ ಸಲ್ಲಿಸಿರುತ್ತಾರೆ.