ಅಕ್ಕನ ಹಳೆಯ ಅಮೆರಿಕ

ನನ್ನ ಅಕ್ಕ ಜೀವಮಾನದಲ್ಲಿ ಒಮ್ಮೆಯೂ ಅಮೆರಿಕಕ್ಕೆ ಕಾಲಿಟ್ಟವಳಲ್ಲ. ಆದರೂ ಆರೇಳು ವರ್ಷ ಅವಳು ಬದುಕಿದ್ದು ಅಮೆರಿಕದಲ್ಲೇ. ಅದೂ ನೂರು ವರ್ಷ ಹಿಂದಿನ ಅಮೆರಿಕದಲ್ಲಿ. ಅವಳ ಗಂಡ, ಮಗಳು, ಒಗ್ಗರಣೆ ಡಬ್ಬಿ ಮತ್ತು ಇಸ್ತ್ರಿ ಪೆಟ್ಟಿಗೆ ಮಾತ್ರ ಆಸ್ಟ್ರೇಲಿಯದಲ್ಲಿದ್ದವು. ಹೀಗೆಂದರೆ ಜನ ನಗುತ್ತಾರೆ. ಭಾವನವರನ್ನು ಕೇಳಿ ನೋಡಿ, ಅವರು ನಗುವುದಿಲ್ಲ.

ಎಪ್ಪತ್ತರ ದಶಕದ ಮಧ್ಯದಲ್ಲಿ ನಾವಿಬ್ಬರು ಅಕ್ಕತಂಗಿಯರು ಡಾಕ್ಟರ ಹೆಂಡತಿಯರಾಗಿ ಮೈಸೂರಿನಿಂದ ಪರ್ತ್‌ಗೆ ಬಂದೆವು. ನನ್ನ ಗಂಡನಿಗೂ ಭಾವನಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ಗಂಡಸರು ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ನಮಗೇನು ಕೆಲಸ? ರೈಲು ಹತ್ತಿ ಫ್ರೀಮ್ಯಾಂಟಲ್‌ಗೆ ಹೋಗಿ, ಬಂದರಿನ ಕ್ರೇನುಗಳನ್ನು ನೋಡಿ, ಒಂದು ಲೋಟ ಕಾಫಿ ಕುಡಿದು, "ಇದನ್ನ ಕಾಫಿ ಅಂತಾರಲ್ಲ" ಎಂದು ಬೈದುಕೊಂಡು ವಾಪಸು ಬರುತ್ತಿದ್ದೆವು. ಅಲ್ಲಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅಕ್ಕನಿಗೆ ಒಂದು ಮರದ ಪೆಟ್ಟಿಗೆ ಹಿಡಿಸಿತು. ಅಕ್ಕಿ ತುಂಬಿಡಲು ಹೇಳಿ ಮಾಡಿಸಿದ ಹಾಗಿತ್ತು. ಒಳಗೆ ಹಳೇ ಪುಸ್ತಕಗಳಿದ್ದವು. ಅವನ್ನು ಹೊರಗೆ ತೆಗೆಯಲು ಅಂಗಡಿಯವನಿಗೆ ಸೋಮಾರಿತನ, ಹಾಗೇ ಕೊಟ್ಟುಬಿಟ್ಟ. ಅವನು ಅಂದು ಸ್ವಲ್ಪ ಚುರುಕಾಗಿದ್ದಿದ್ದರೆ ನಮ್ಮ ಭಾವ ಇಂದಿಗೂ ಸಾರು ಮಾಡುವುದನ್ನು ಕಲಿತಿರುತ್ತಿರಲಿಲ್ಲ.

ಪುಸ್ತಕಗಳೆಲ್ಲ ಹಿಂದಿನ ಶತಮಾನದ ಅಮೆರಿಕದ ಕಾದಂಬರಿಗಳು, ಬಹುಪಾಲು ಹೆಂಗಸರೇ ಬರೆದವು. ಅಕ್ಕ ಅಕ್ಕಿಯನ್ನು ಮರೆತು ಓದಲು ಕೂತಳು. ಎಲ್ಲದರಲ್ಲೂ ಒಬ್ಬ ಹುಡುಗಿ ಇರುತ್ತಾಳೆ. ಅವಳಿಗೆ ದಿಕ್ಕಿಲ್ಲ. ಒಬ್ಬ ಕಟುಕ ಅತ್ತೆ ಇರುತ್ತಾಳೆ. ಹುಡುಗಿ ಅಳುತ್ತಾಳೆ, ಓದುತ್ತಾಳೆ, ಪಾಠ ಹೇಳುತ್ತಾಳೆ, ಗಿರಣಿಗೆ ಹೋಗುತ್ತಾಳೆ, ಊರಿನ ಹೆಂಡದಂಗಡಿ ಮುಚ್ಚಿಸುತ್ತಾಳೆ, ಗುಲಾಮರ ಪರ ಮಾತಾಡುತ್ತಾಳೆ. ಇಷ್ಟೆಲ್ಲ ಆಗುವ ಹೊತ್ತಿಗೆ ಒಬ್ಬ ಸ್ಥಿತಿವಂತ ಬಂದು ಮದುವೆಯಾಗು ಅನ್ನುತ್ತಾನೆ. ಅವಳು ಈಗ ಬೇಡ ಅನ್ನುತ್ತಾಳೆ.

"ನೋಡೇ," ಅಂದಳು ಅಕ್ಕ, "ಬೇಡ ಅನ್ನಲ್ಲ. 'ಈಗ' ಬೇಡ ಅಂತಾಳೆ. ಮೊದಲು ನನ್ನ ಕೆಲಸ, ಆಮೇಲೆ ನೀನು ಅಂತ."

"ಕೊನೆಗೆ ಮದುವೆ ಆಗ್ತಾಳೋ ಇಲ್ವೋ?"

"ಅದು ಆಮೇಲಿನ ಮಾತು."

ಬೇರೆಯವರು ಕಾದಂಬರಿ ಓದಿ ಕಣ್ಣೊರೆಸಿಕೊಂಡು ಮಲಗುತ್ತಾರೆ. ಅಕ್ಕ ಅವನ್ನು ಅಡುಗೆ ಪುಸ್ತಕದ ಹಾಗೆ ಓದಿದಳು: ಓದಿದ್ದನ್ನು ಮಾಡಿ ನೋಡಬೇಕು.

ಮೊದಲು ಮಾಡಿ ನೋಡಿದ್ದು ಪಾನನಿರೋಧ. ಆಸ್ಪತ್ರೆಯ ಡಾಕ್ಟರೊಬ್ಬರ ಹಿತ್ತಲಲ್ಲಿ ಭಾನುವಾರದ ಬಾರ್ಬೆಕ್ಯೂ ಔತಣ, ಇಲ್ಲಿಯವರ ಬಾಯಲ್ಲಿ ಬಾರ್ಬಿ. ಗಂಡಸರೆಲ್ಲ ಬೆಂಕಿಯ ಸುತ್ತ ಬಿಯರ್ ಹಿಡಿದು ನಿಂತಿದ್ದರು, ನಮ್ಮ ಭಾವನೂ ಸೇರಿ. ಅಕ್ಕ ಕಂಚಿ ಸೀರೆಯಲ್ಲಿ ನೇರವಾಗಿ ಐಸ್ ಪೆಟ್ಟಿಗೆಯ ಪಕ್ಕ ಹೋಗಿ ನಿಂತು, ಕುಡುಕನ ಮಕ್ಕಳ ಕಣ್ಣೀರಿನ ಬಗ್ಗೆ ಒಂದು ಪುಟ್ಟ ಭಾಷಣ ಮಾಡಿದಳು. ಇಂಗ್ಲಿಷ್ ಎಂಥದು ಅಂತೀರಿ, ಪಾದ್ರಿಗಳು ಕೂಡ ಮರೆತಿದ್ದ ಇಂಗ್ಲಿಷ್. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ದಪ್ಪ ಮೀಸೆಯ ಸರ್ಜನ್ ಒಬ್ಬರು ಪೂರ್ತಿ ಕೇಳಿಸಿಕೊಂಡು, "ಗುಡ್ ಆನ್ ಯೂ, ಲವ್" ಎಂದು ಭೇಷ್ ಹೇಳಿ, ಅವಳ ಕೈಗೆ ಒಂದು ನಿಂಬೆ ಪಾನಕದ ಬಾಟಲಿ ಕೊಟ್ಟು, ಮತ್ತೊಂದು ಬಿಯರ್ ತೆಗೆದುಕೊಂಡರು.

"ಮಮ್, ಪ್ಲೀಸ್," ಅಂದಳು ಅಕ್ಕನ ಮಗಳು. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ನಾಚಿಕೆಪಡುವ ಹುಡುಗಿ.

ಅಂದು ಆ ಹಿತ್ತಲಲ್ಲಿ ಕುಡಿತ ಬಿಟ್ಟವರು ಒಬ್ಬರೇ, ಭಾವ. ಅದು ಮನಃಪರಿವರ್ತನೆ ಅಂತ ಅಕ್ಕ ನಂಬಿದಳು. ಮುಂದಿನ ಔತಣದಲ್ಲಿ ಇನ್ನೊಂದು ಭಾಷಣವಾದೀತೆಂಬ ಭಯ ಅಂತ ಭಾವ ನನ್ನ ಗಂಡನಿಗೆ ಹೇಳಿದರು.

ಎರಡನೆಯದು ಉಡುಪಿನ ಸುಧಾರಣೆ. ಆ ಕಾಲದ ಅಮೆರಿಕದ ಹೆಂಗಸರು ಉಸಿರು ಕಟ್ಟುವ ಒಳಕವಚ, ನೆಲ ಗುಡಿಸುವ ಲಂಗಗಳ ವಿರುದ್ಧ ಹೋರಾಡಿದ್ದರಂತೆ. ಸೀರೆಯಲ್ಲಿ ಉಸಿರಿಗೇನೂ ತೊಂದರೆಯಿಲ್ಲವಲ್ಲ ಅಂದೆ. ಅಕ್ಕ ಯೋಚನೆ ಮಾಡಿ, "ಜೇಬಿಲ್ಲ" ಅಂದಳು. "ಗಂಡಸಿನ ಬಟ್ಟೆಗೆ ಎಷ್ಟು ಜೇಬು ನೋಡು. ನಮಗೆ ಒಂದು ಬಸ್ ಟಿಕೆಟ್ ಇಟ್ಕೊಳ್ಳೋಕ್ಕೂ ಜಾಗ ಇಲ್ಲ. ಜೇಬಿಲ್ಲದೋಳು ಒಬ್ಬಳೇ ಎಲ್ಲಿಗೆ ಹೋಗ್ತಾಳೆ?" ಎಂದವಳೇ ಮದುವೆಯಲ್ಲಿ ಅಮ್ಮ ಕೊಟ್ಟ ರೇಷ್ಮೆ ಸೀರೆಗೆ, ಸೊಂಟದ ಬಲಗಡೆ ಬರುವ ಜಾಗಕ್ಕೆ, ಚೀಲದಂಥ ಒಂದು ಜೇಬು ಹೊಲಿದುಬಿಟ್ಟಳು. ಯುಗಾದಿಗೆ ಊರಿನ ನಾಲ್ಕು ಕನ್ನಡದ ಮನೆಯವರು ಸೇರಿದಾಗ ಆ ಜೇಬಿನಿಂದ ಕರವಸ್ತ್ರ, ಬೀಗದ ಕೈ, ಕೊನೆಗೆ ಒಂದು ಸ್ಕ್ರೂ ಡ್ರೈವರ್ ಹೊರಬಂತು. ಆಂಟಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರಂತೂ ರೇಷ್ಮೆಗೆ ಸೂಜಿ ಚುಚ್ಚುವ ಕೈ ನಾಳೆ ಏನು ಬೇಕಾದರೂ ಮಾಡೀತು ಎಂದರು. ದೀಪಾವಳಿಯ ಹೊತ್ತಿಗೆ ಅದೇ ಆಂಟಿ ಒಂದು ಸೀರೆ ಹಿಡಿದು ಅಕ್ಕನ ಮನೆಗೆ ಬಂದರು. "ನಂದು ಎಡಗಡೆಗೆ ಹಾಕಿಕೊಡಮ್ಮ, ನಾನು ಎಡಚಿ."

ಅಷ್ಟರಲ್ಲಿ ಭಾವನಿಗೆ ಅಡಿಲೇಡಿನಲ್ಲಿ ಕೆಲಸವಾಯಿತು. ನಾವು ಪರ್ತ್‌ನಲ್ಲೇ ಉಳಿದೆವು. ಡಾಕ್ಟರು ಅಂದರೆ ಸಮುದ್ರದ ಕಡೆ ಮನೆ ಹಿಡಿಯುತ್ತಾರೆ. ಅಕ್ಕ ಹಟ ಮಾಡಿ ಕಿಲ್ಬರ್ನ್‌ನಲ್ಲಿ ಹಿಡಿದಳು, ಕಾರ್ಖಾನೆಗಳ ಮಗ್ಗುಲಲ್ಲಿ. ಬೆಳಿಗ್ಗೆ ಸೈರನ್ ಕೇಳಿದರೆ ಅವಳಿಗೆ ರೋಮಾಂಚನವಂತೆ. ಒಂದು ದಿನ ಸೈರನ್ ಕೂಗಿದಾಗ ಎದ್ದು ಹೋಗಿ, ಬಲ್ಬಿನ ಹೋಲ್ಡರ್ ಜೋಡಿಸುವ ಒಂದು ಕಾರ್ಖಾನೆಗೆ ಸೇರಿಯೇಬಿಟ್ಟಳು. ಅಡಿಲೇಡಿನ ಡಾಕ್ಟರುಗಳ ಹೆಂಡತಿಯರಲ್ಲಿ ಈ ಸುದ್ದಿ ಹರಡಿದ ವೇಗಕ್ಕೆ ಟೆಲಿಫೋನ್ ಇಲಾಖೆಯವರು ಅಕ್ಕನಿಗೆ ಸನ್ಮಾನ ಮಾಡಬೇಕಿತ್ತು.

ಅಲ್ಲಿ ಕೆಲಸ ಮಾಡುತ್ತಿದ್ದವರು ಗ್ರೀಸ್, ಇಟಲಿಯಿಂದ ಬಂದ ಹೆಂಗಸರು. ಕೂತು ಮಾಡಬಹುದಾದ ಕೆಲಸವನ್ನು ದಿನವಿಡೀ ನಿಂತು ಮಾಡುತ್ತಿದ್ದರು. ಅಕ್ಕ ಮೇಸ್ತ್ರಿಯನ್ನು ಸ್ಟೂಲ್ ಕೇಳಿದಳು. ಆತ ನಕ್ಕ. ಮರುದಿನ ಅಕ್ಕ ಮನೆಯಿಂದ ಒಂದು ಮಡಚುವ ಸ್ಟೂಲ್ ತಂದು ಕೂತಳು. ಆತ ಕಿತ್ತುಕೊಂಡ. ಅದರ ಮರುದಿನ ಬಚ್ಚಲುಮನೆಯ ಸ್ಟೂಲ್ ತಂದಳು. ಅದೂ ಹೋಯಿತು. ಆಮೇಲೆ ಪೂಜೆಗೆ ಕೂರುವ ಮಣೆಯನ್ನು ಡಬ್ಬದ ಮೇಲಿಟ್ಟು ಕೂತಳು.

ಭಾವ ನನಗೆ ಪರ್ತ್‌ಗೆ ಫೋನ್ ಮಾಡಿದರು. "ಮನೇಲಿ ಕೂರೋಕ್ಕೆ ನನಗೇ ಏನೂ ಉಳಿದಿಲ್ಲಮ್ಮ. ನಿಂತ್ಕೊಂಡೇ ಊಟ ಮಾಡ್ತಿದೀನಿ."

ಕೆಲವು ದಿನಗಳಲ್ಲಿ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮನೆಯಿಂದ ಸ್ಟೂಲ್ ತರತೊಡಗಿದರು. ಮೇಸ್ತ್ರಿಯ ಕೋಣೆ ತುಂಬಿ ಅವನಿಗೇ ಒಳಗೆ ಹೋಗಲು ದಾರಿಯಿಲ್ಲವಾಯಿತು. ಕೊನೆಗೆ ಮೇಲಿನವರು ಬಂದು ನೋಡಿ, ಎಲ್ಲರಿಗೂ ಕಾರ್ಖಾನೆಯ ಸ್ಟೂಲ್ ಹಾಕಿಸಿದರು. ಆವತ್ತು ಗ್ರೀಕ್ ಹೆಂಗಸೊಬ್ಬಳು ಅಕ್ಕನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳಂತೆ. ಅಕ್ಕನ ಮಾತಿನಲ್ಲಿ ಹೆಮ್ಮೆಯಿರಲಿಲ್ಲ. "ಕೇಳೋಕ್ಕೆ ಅವರಿಗೆ ಇಂಗ್ಲಿಷ್ ಇರ್ಲಿಲ್ಲ ಅಷ್ಟೇ ಕಣೆ. ಕಾಲು ನೋವು ಎಲ್ಲರಿಗೂ ಇತ್ತು," ಅಂದಳು.

ಆಗ ಮನೆ, ಮಕ್ಕಳು ಅಂತ ಓದು ನಿಲ್ಲಿಸಿದ್ದ ಹೆಂಗಸರಿಗೂ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿತ್ತು. ಮೈಸೂರಿನ ಬಿ.ಎ. ಹಿಡಿದು ಅಕ್ಕ ಅಲ್ಲಿಗೂ ಹೋದಳು. ತನ್ನ ಪೆಟ್ಟಿಗೆಯ ಕಾದಂಬರಿಗಳ ಮೇಲೆ ಪ್ರಬಂಧ ಬರೆದು ಎಂ.ಎ. ಮಾಡುತ್ತೇನೆ ಅಂದಳು. ಪ್ರೊಫೆಸರು ಸಭ್ಯ ಮನುಷ್ಯರು. ಅವು ಸಾಹಿತ್ಯವಲ್ಲ, ಅಳುಬುರುಕ ಕಥೆಗಳು ಅಂದರು.

"ಅವನ್ನ ಓದುವಾಗ ನೀವು ಅತ್ತಿದ್ದೀರಾ?" ಅಕ್ಕ ಕೇಳಿದಳು.

"ಇಲ್ಲ. ನಾನು ಅವನ್ನು ಓದಿಲ್ಲ."

"ಹಾಗಾದ್ರೆ ನಾಳೆ ಒಂದು ತಂದುಕೊಡ್ತೀನಿ."

ತಂದುಕೊಟ್ಟಳು. ಒಂದು ವಾರದ ನಂತರ ಪ್ರೊಫೆಸರು ಪುಸ್ತಕ ವಾಪಸು ಕೊಟ್ಟು, ಬೇರೆ ಏನೂ ಮಾತಾಡದೆ, ಎಂದಿನಿಂದ ಶುರು ಮಾಡುತ್ತೀರಿ ಎಂದು ಕೇಳಿದರು. ಅವರು ಅತ್ತರೋ ಇಲ್ಲವೋ ಅಕ್ಕ ಕೇಳಲಿಲ್ಲ. ಅಷ್ಟು ಸೌಜನ್ಯ ಅವಳಿಗೂ ಇತ್ತು.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಭಾವನಿಗೆ ಬ್ರಿಸ್ಬೇನಿನಲ್ಲಿ ದೊಡ್ಡ ಹುದ್ದೆ ಬಂತು. ಮನೆ ಖಾಲಿ ಮಾಡುವ ಮಾತು ಬಂದಾಗ ಅಕ್ಕ, "ನೀವು ಹೋಗಿ. ನನ್ನ ಕೆಲಸ ಮುಗಿಯೋಕ್ಕೆ ಇನ್ನೂ ಎರಡು ವರ್ಷ ಇದೆ. ಮುಗಿಸಿ ಬರ್ತೀನಿ," ಅಂದಳು. ಇದು ತಮಾಷೆಯಲ್ಲ ಎಂದು ಎಲ್ಲರಿಗೂ ಗೊತ್ತಾಗಲು ಒಂದು ವಾರ ಬೇಕಾಯಿತು. ಆಮೇಲೆ ಮೈಸೂರಿನಿಂದ ಅಮ್ಮನ ಟ್ರಂಕ್ ಕಾಲ್ ನನಗೆ ಬಂತು. "ನೀನು ಹೋಗಿ ಅವಳಿಗೆ ಬುದ್ಧಿ ಹೇಳು. ಗಂಡನ್ನ ಒಂಟಿಯಾಗಿ ಕಳಿಸೋದು ಎಲ್ಲಾದ್ರೂ ಉಂಟಾ?"

ನಾನು ಅಡಿಲೇಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಊಟ ಬಡಿಸಿ, ಎದುರಿಗೆ ಕೂತು, "ಈಗ ಹೇಳು," ಅಂದಳು. ಜೋಡಿಸಿಕೊಂಡಿದ್ದೆಲ್ಲ ಹೇಳಿದೆ.

"ನಿಮ್ಮ ಭಾವ ಓದೋಕ್ಕೆ ಅಂತ ಇಂಗ್ಲೆಂಡಿಗೆ ಹೋದ್ರಲ್ಲ, ಜ್ಞಾಪಕ ಇದೆಯಾ?" ಅಂದಳು. "ಮೂರು ವರ್ಷ ನಾನು ಕೂಸು ಎತ್ಕೊಂಡು ಮೈಸೂರಲ್ಲಿ ಇದ್ದೆ. ಆಗ ಬುದ್ಧಿ ಹೇಳೋಕ್ಕೆ ಅಂತ ನಿನ್ನನ್ನ ಯಾರಾದ್ರೂ ಲಂಡನ್ನಿಗೆ ಕಳಿಸಿದ್ರಾ?"

ಯಾರೂ ಕಳಿಸಿರಲಿಲ್ಲ. ಆದರೂ ಬಿಡದೆ, "ಒಂದು ಕೆಲಸ ಮಾಡು," ಅಂದೆ. "ಮಗಳ ಸ್ಕೂಲ್ ಅರ್ಧಕ್ಕೆ ಬಿಡಿಸೋಕ್ಕಾಗಲ್ಲ ಅಂತ ಹೇಳು. ಯಾರೂ ಏನೂ ಅನ್ನಲ್ಲ."

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. "ಅದು ನನಗೂ ಹೊಳೀತು. ಮಗು ಹೆಸರು ಹೇಳಿದ್ರೆ ನಾನು ಒಳ್ಳೆ ತಾಯಿ. ನನ್ನ ಹೆಸರು ಹೇಳಿದ್ರೆ ಕೆಟ್ಟ ಹೆಂಡತಿ. ಆದ್ರೂ ನನ್ನ ಹೆಸರೇ ಹೇಳ್ತೀನಿ ಕಣೆ. ನನಗೋಸ್ಕರ ಇರ್ತೀನಿ ಅಂತ ಒಂದ್ಸಲ ಬಾಯಿಬಿಟ್ಟು ಹೇಳ್ಬೇಕು."

ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಭಾವ ಎದ್ದು ಬಂದರು. ಅವರು ಒಲೆಯ ಹತ್ತಿರ ಹೋಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇದನ್ನ ಹೇಗೆ ಮಾಡೋದು ಅಂತ ಹೇಳ್ಕೊಡು. ಹೋಗೋಕ್ಕೆ ಇನ್ನೂ ಹದಿನೈದು ದಿನ ಇದೆಯಲ್ಲ," ಅಂದರು.

ನಾನು ಪರ್ತ್‌ಗೆ ವಾಪಸು ಬಂದಾಗ ವಿಮಾನ ನಿಲ್ದಾಣದಲ್ಲಿ ನನ್ನ ಗಂಡ, "ಒಪ್ಪಿದ್ರಾ?" ಎಂದು ಕೇಳಿದರು.

"ಇಲ್ಲ. ನಾನು ಒಪ್ಪಿಬಿಟ್ಟೆ," ಅಂದೆ. ಅವರು ಸೂಟ್‌ಕೇಸ್ ಎತ್ತಿಕೊಂಡು, ಮನೆ ಬರುವವರೆಗೂ ಚಿಂತಾಕ್ರಾಂತರಾಗಿ ಕಾರು ಓಡಿಸಿದರು.

ಆ ಎರಡು ವರ್ಷ ಅಕ್ಕನಿಗೆ ಸುಲಭವಾಗಿರಲಿಲ್ಲ. ಡಾಕ್ಟರ ಮನೆಗಳಿಂದ ಊಟದ ಕರೆ ನಿಂತಿತು. ಅವರಿಬ್ಬರೂ ಬೇರೆಯಾದರಂತೆ ಎಂದು ಪಕ್ಕದ ಬಡಾವಣೆ ಬ್ಲೇರ್ ಅಥಾಲ್‌ನಲ್ಲಿ ಹುಟ್ಟಿದ ಮಾತು ನನಗೆ ಪರ್ತ್‌ನಲ್ಲಿ ಕೇಳಿಸಿತು. ಬೇರೆಯಾದವರು ಭಾನುವಾರ ಭಾನುವಾರ ಫೋನ್ ಹಚ್ಚಿ, "ಹುಳಿ ಜಾಸ್ತಿ ಆಗ್ಬಿಟ್ಟಿದೆ, ಏನ್ ಮಾಡ್ಲಿ?" ಅನ್ನುತ್ತಾರೆಯೇ?

"ಬೆಲ್ಲ ಹಾಕಿ."

"ಹಾಕಿದೆ. ಈಗ ಸಿಹಿ ಜಾಸ್ತಿ ಆಯ್ತು."

"ಹಾಗಾದ್ರೆ ಅದನ್ನ ಪಾಯಸ ಅಂದ್ಕೊಳ್ಳಿ. ನನಗೆ ಮೂರನೇ ಅಧ್ಯಾಯ ಇದೆ."

ಎಂಬತ್ತರ ದಶಕ ಕಾಲಿಟ್ಟಿತ್ತು. ಅಕ್ಕ ಪ್ರಬಂಧ ಮುಗಿಸಿದಳು. ಬ್ರಿಸ್ಬೇನಿನ ಒಂದು ಕಾಲೇಜಿಗೆ ಅರ್ಜಿ ಹಾಕಿ ಪಾಠ ಹೇಳುವ ಕೆಲಸವನ್ನೂ ಗಿಟ್ಟಿಸಿಕೊಂಡಳು. "ಅಂತೂ ಗಂಡನ ಹತ್ರ ಹೋಗ್ತಿದೀಯ," ಅಂದೆ. "ಕೆಲಸಕ್ಕೆ ಹೋಗ್ತಿದೀನಿ. ಅದೇ ಊರಲ್ಲಿ ನನ್ನ ಗಂಡನೂ ಇದ್ದಾರೆ," ಅಂದಳು.

ಪದವಿ ಪ್ರದಾನಕ್ಕೆ ನಾನು ಪರ್ತ್‌ನಿಂದ, ಭಾವ ಬ್ರಿಸ್ಬೇನಿನಿಂದ ಹೋದೆವು. ಅಮ್ಮ ಮೈಸೂರಿನಿಂದ ಬಂದರು. ಮುನಿಸಿಕೊಂಡೇ ಬಂದಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಕಿಲ್ಬರ್ನ್‌ನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅಕ್ಕ ಆ ಕಾದಂಬರಿಗಳ ಕಥೆಯನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು. ಅಮ್ಮ ಮುಖ ತಿರುಗಿಸಿಕೊಂಡೇ ಕಾಯಿ ತುರಿಯುತ್ತಾ ಕೇಳುತ್ತಿದ್ದರು.

ಸಮಾರಂಭ ಮುಗಿದು ಎಲ್ಲರೂ ಹುಲ್ಲುಹಾಸಿಗೆ ಬಂದೆವು. ಭಾವ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದರು. ಕಪ್ಪು ನಿಲುವಂಗಿ ತೊಟ್ಟ ಅಕ್ಕ ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲಿ ಕೂತಳು. ಅಮ್ಮ ಆ ನಿಲುವಂಗಿಯ ತೋಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ, ಯಾರನ್ನೂ ನೋಡದೆ ಮಾತಾಡಿದರು.

"ನಂಗೆ ಐದನೇ ಕ್ಲಾಸು ಆದ್ಮೇಲೆ ಸ್ಕೂಲು ಬಿಡಿಸಿದ್ರು. ನಮ್ಮ ಮೇಷ್ಟ್ರು ಮನೇಗೆ ಬಂದು ಕೇಳಿಕೊಂಡ್ರು. ಹುಡುಗಿ ಚೆನ್ನಾಗಿ ಓದ್ತಾಳೆ ಅಂತ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮನೇಲಿ ಅಷ್ಟು ಜನ ಇದ್ರು, ಹೌದು ಓದ್ಲಿ ಅನ್ನೋಕ್ಕೆ ಒಬ್ಬರಿಗೂ ಬಾಯಿ ಬರ್ಲಿಲ್ಲ."

ಇದನ್ನು ಅಮ್ಮ ನಮಗೆ ಎಂದೂ ಹೇಳಿರಲಿಲ್ಲ.

"ನೀನು ನಂಗೆ ಮಗಳಾಗಿ ಹುಟ್ಟಿದ್ದು ತಡ ಆಯ್ತು ಕಣೆ," ಅಂದರು ಅಮ್ಮ. "ಅಕ್ಕ ಆಗಿ ಹುಟ್ಟಬೇಕಿತ್ತು."

ಅಕ್ಕ ಒಂದು ತೋಳನ್ನು ಅಮ್ಮನ ಬೆನ್ನ ಹಿಂದೆ ಹಾಕಿ, ಆ ಬಿಳಿಗೂದಲಿನ ತಲೆಯನ್ನು ಮೆಲ್ಲಗೆ ತನ್ನ ಭುಜಕ್ಕೆ ಒರಗಿಸಿಕೊಂಡಳು, ನಾನು ಚಿಕ್ಕವಳಿದ್ದಾಗ ನನ್ನನ್ನು ಒರಗಿಸಿಕೊಳ್ಳುತ್ತಿದ್ದ ಹಾಗೆ. ಭಾವ ಕ್ಯಾಮೆರಾ ಎತ್ತಿದವರು ಹಾಗೇ ಕೆಳಗಿಳಿಸಿದರು.