ಮಗ್ಗದ ದನಿಯ ಹುಡುಗಿಯನ್ನು ಇಂಗ್ಲಿಷ್ ತರಗತಿಯೊಳಕ್ಕೆ ಬಿಟ್ಟುಕೊಳ್ಳುವ ಬಗ್ಗೆ

ದೊಡ್ಡಬಳ್ಳಾಪುರ, ೧೯೯೩

ಇಂದ:
ಅನುಸೂಯಮ್ಮ, ವಿದ್ಯುತ್ ಮಗ್ಗದ ಕೆಲಸ
(ಹತ್ತನೇ ತರಗತಿಯ ಪದ್ಮಶ್ರೀಯ ತಾಯಿ)

ಗೆ:
ಮುಖ್ಯೋಪಾಧ್ಯಾಯರು,
ಸದರಿ ಪದ್ಮಶ್ರೀ ಸದ್ಯಕ್ಕೆ ಜಗಲಿಯಲ್ಲಿ ನಿಂತು ಓದುತ್ತಿರುವ ಪ್ರೌಢಶಾಲೆ

ವಿಷಯ: ದನಿ ಜೋರೆಂಬ ಕಾರಣಕ್ಕೆ ಹೊರಹಾಕಲ್ಪಟ್ಟವಳನ್ನು ಒಳಗೆ ಕೂರಿಸುವ ಬಗ್ಗೆ.

ಉಲ್ಲೇಖ: ಇಂಗ್ಲಿಷ್ ಮೇಷ್ಟ್ರು ಕೆಂಪರಾಜ್ ಅವರ ಬಾಯಿಮಾತಿನ ಆದೇಶ, "ಗೆಟ್ ಔಟ್", ಹೋದ ಸೋಮವಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಗಮನಕ್ಕೆ ತರುವುದೇನೆಂದರೆ,

೧. ಸದರಿ ದಿನ ಮೇಷ್ಟ್ರು ಕೆಲವು ಇಂಗ್ಲಿಷ್ ಕ್ರಿಯಾಪದಗಳ ಪಾಠ ಮಾಡಿದರು. ಮುಂದೆ 'ಟು' ಬಂದರೆ ಒಂದು ಅರ್ಥ, 'ಇಂಗ್' ಬಂದರೆ ಇನ್ನೊಂದು. 'ಸ್ಟಾಪ್ ಟು ಟಾಕ್' ಎಂದರೆ ಮಾತಾಡುವುದಕ್ಕಾಗಿ ಕೈಲಿದ್ದ ಕೆಲಸ ನಿಲ್ಲಿಸುವುದು. 'ಸ್ಟಾಪ್ ಟಾಕಿಂಗ್' ಎಂದರೆ ಮಾತನ್ನೇ ನಿಲ್ಲಿಸುವುದು. ಉದಾಹರಣೆ ಕೇಳಿದಾಗ ಪದ್ಮಶ್ರೀ ಎದ್ದು, ತನ್ನ ತಾಯಿ ಮಾತಾಡಲು ಮಗ್ಗ ನಿಲ್ಲಿಸುವುದಿಲ್ಲ, ಮಗ್ಗ ಓಡುತ್ತಿದೆಯೆಂದು ಮಾತನ್ನೂ ನಿಲ್ಲಿಸುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ವಾಕ್ಯ ಸರಿಯಿತ್ತು. ಆದರೆ ಅವಳ ದನಿಗೆ ಪಕ್ಕದ ಕೋಣೆಯ ಲೆಕ್ಕದ ಪಾಠ ನಿಂತುಹೋಯಿತು.

"ಇದೇನಮ್ಮ, ಕ್ಲಾಸು ಅನ್ಕೊಂಡ್ಯಾ, ಮಗ್ಗದ್ ಮನೆ ಅನ್ಕೊಂಡ್ಯಾ? ಮೆತ್ತಗೆ ಮಾತಾಡೋದು ಕಲ್ತು ಒಳಗೆ ಬಾ" ಎಂದರು ಮೇಷ್ಟ್ರು.

೨. ಸದರಿಯವಳ ತೊಟ್ಟಿಲು ಕಟ್ಟಿದ್ದೇ ಎರಡು ಮಗ್ಗಗಳ ನಡುವೆ. ಆದ ಕಾರಣ, ಹಾಲು ಬೇಕೆಂದರೂ ಊರಿಗೆಲ್ಲ ಕೇಳುವಂತೆ ಅಳಬೇಕಿತ್ತು.

೩. ಮಾರನೇ ದಿನ ಕರೆಂಟು ಹೋದ ಹೊತ್ತು ನೋಡಿ ಅರ್ಜಿದಾರಳು ಶಾಲೆಗೆ ಬಂದು, "ಮೇಷ್ಟ್ರೇ, ಪರೀಕ್ಷೆ ಹತ್ರ ಬಂತು, ಮಗೂನ ಒಳಗೆ ಕೂರಿಸ್ಕೊಳ್ಳಿ" ಎಂದು ಗುಟ್ಟಾಗಿ ಬೇಡಿಕೊಂಡಳು. ಆ ಗುಟ್ಟು ಕೇಳಿ ಅಕ್ಕಪಕ್ಕದ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದರು.

"ಮಗಳು ಎಲ್ಲಿ ಟ್ರೈನಿಂಗ್ ತಗೊಂಡಿದ್ದಾಳೆ ಅಂತ ಈಗ ಗೊತ್ತಾಯ್ತು ಬಿಡಮ್ಮ" ಎಂದರು ಮೇಷ್ಟ್ರು.

೪. ಆದ್ದರಿಂದ ಪದ್ಮಶ್ರೀ ಮೆತ್ತಗೆ ಮಾತಾಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿದಳು. ಅಭ್ಯಾಸ ಚೆನ್ನಾಗಿಯೇ ಹತ್ತಿದೆ. ಮೊದಲೆಲ್ಲ ಶಾಲೆಯಿಂದ ಬಂದವಳೇ ಮಗ್ಗದ ಪಕ್ಕ ನಿಂತು, ಯಾರಿಗೆ ಏಟು ಬಿತ್ತು, ಯಾರ ಜಡೆ ಯಾರು ಎಳೆದರು, ಎಲ್ಲವನ್ನೂ ಕಿರುಚಿ ಹೇಳುತ್ತಿದ್ದಳು. ಈಗ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. "ಏನಂದೆ ಕಣೇ?" ಎಂದರೆ ಕೈಯಾಡಿಸಿ ಒಳಗೆ ಹೋಗುತ್ತಾಳೆ. ಆದ ಕಾರಣ, ಅವಳ ಮಾತು ಕೇಳಲೆಂದು ಅರ್ಜಿದಾರಳು ಮಗ್ಗ ನಿಲ್ಲಿಸತೊಡಗಿದಳು. ನಿಲ್ಲಿಸಿ ಓಡಿಸಿದ ಕಡೆಯೆಲ್ಲ ಸೀರೆಗೆ ಅಡ್ಡಗೆರೆ ಬಿತ್ತು. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಂಜೀವಪ್ಪನವರು, "ಏನ್ ಅನುಸೂಯಮ್ಮ, ನಿಮ್ ಮಗ್ಗಕ್ಕೆ ಬಿಕ್ಕಳಿಕೆ ಬಂದಿತ್ತಾ?" ಎಂದು ಸೀರೆಯನ್ನು ವಾಪಸು ಕಳಿಸಿದರು.

ಇಷ್ಟೆಲ್ಲ ಗೆರೆ ಬೀಳಿಸಿಕೊಂಡು ಅರ್ಜಿದಾರಳು ಕೇಳಿಸಿಕೊಂಡಿದ್ದು ಒಂದೇ ಮಾತು: "ಅಮ್ಮ, ನಾನಿನ್ ಸ್ಕೂಲಿಗೆ ಹೋಗಲ್ಲ."

೫. ಆದ ಕಾರಣ, ಸದರಿಯವಳನ್ನು ಅವಳ ದನಿಯ ಸಮೇತ ಒಳಗೆ ಕೂರಿಸಬೇಕು. ಇದು ಆಗದ ಪಕ್ಷದಲ್ಲಿ, ಕೆಂಪರಾಜ್ ಮೇಷ್ಟ್ರು ಕರೆಂಟು ಇರುವ ಹೊತ್ತಿನಲ್ಲಿ ನಮ್ಮ ಮನೆಗೆ ದಯಮಾಡಿಸಿ, ಎರಡು ಮಗ್ಗಗಳ ನಡುವೆ ಕುರ್ಚಿ ಹಾಕಿಸಿಕೊಂಡು, ಅದೇ ಪಾಠವನ್ನು ಮೆತ್ತನೆಯ ದನಿಯಲ್ಲಿ ಮಾಡಬೇಕು. ಪದ್ಮಶ್ರೀಗೆ ಅದರಲ್ಲಿ ಒಂದು ಪದ ಕೇಳಿಸಿದರೂ ಈ ಅರ್ಜಿಯನ್ನು ವಜಾ ಮಾಡಬಹುದು. ಕಾಫಿ ಕೊಡಲಾಗುವುದು.

ಇತಿ, ಮಗ್ಗ ಓಡುವಾಗಲೂ ತಮ್ಮ ವಿಶ್ವಾಸಿ,
ಅನುಸೂಯಮ್ಮ

ಲಗತ್ತುಗಳು:
ಗೆರೆ ಬಿದ್ದ ಸೀರೆ. ನೋಡಿ ಹಿಂತಿರುಗಿಸುವುದು.
ಪದ್ಮಶ್ರೀ, ಖುದ್ದಾಗಿ. ಸಂಜೆ ಗಂಟೆ ಹೊಡೆಯುವ ತನಕ ಹಿಂತಿರುಗಿಸಬಾರದೆಂದು ವಿನಂತಿ.