ತಣ್ಣಗಿರುವ ಪ್ರೊಸೆಸರು

ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಒಂದು ಜಂಬ ನನಗೆ ಮೊದಲಿನಿಂದಲೂ ಇದೆ. ಓದು ಏಳನೇ ತರಗತಿಗೇ ನಿಂತುಹೋದವನಿಗೆ ಹೇಳಿಕೊಳ್ಳಲು ಏನಾದರೊಂದು ಬೇಕಲ್ಲ, ನನಗೆ ಇದೇ ಪದವಿ. ಅರಸೀಕೆರೆಯಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಕಾದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಸುಲಿದು ಒಡೆಯುವ ಮೊದಲೇ ಅದು ಹೇಗಿದೆ ಎಂದು ತಿಳಿಯಬೇಕಾದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಅದು ಆಡುವ ಸದ್ದಿನಲ್ಲೇ ಒಳಗಿರುವುದು ಗಟ್ಟಿಯೋ, ಕೊಳೆತದ್ದೋ, ಇನ್ನೂ ಹಸಿಯೋ ಎಂದು ಹೇಳಿಬಿಡುತ್ತೇನೆ. ಈ ಕಿವಿಯ ಬಲದಿಂದಲೇ ಬೋರ್‌ವೆಲ್ ಮೋಟಾರಿನಿಂದ ಹಿಡಿದು ಹಿಟ್ಟಿನ ಡಬ್ಬಿಯವರೆಗೆ ನಮ್ಮ ಮನೆಯ ಸಾಮಾನೆಲ್ಲ ನಾನೇ ಆರಿಸಿದ್ದು. ಹೆಂಡತಿಯನ್ನು ಮಾತ್ರ ನಮ್ಮ ತಾಯಿ ಆರಿಸಿದರು. ಅದಕ್ಕೇ ಅದೊಂದು ಆಯ್ಕೆಯ ಬಗ್ಗೆ ಯಾರೂ ಇದುವರೆಗೆ ದೂರು ಹೇಳಿಲ್ಲ.

ಇಂಥ ನನ್ನ ಮುಂದೆ ಬಿ.ಕಾಂ. ಕೊನೆಯ ವರ್ಷ ಓದುತ್ತಿರುವ ಮಗಳು ಚಂದನ ಬಂದು, ಆಟ ಆಡಲು ಕಂಪ್ಯೂಟರ್ ಬೇಕೆಂದಳು. ಆಟಕ್ಕೆ ಮಾತ್ರವಲ್ಲವಂತೆ. ಆಟಗಳಲ್ಲಿ ಬರುವ ಕಾಡು, ಕೋಟೆ, ಕುದುರೆಗಳನ್ನೆಲ್ಲ ಯಾರೋ ಕೂತು ಬಿಡಿಸಿರುತ್ತಾರಂತೆ, ಅವಳಿಗೆ ಆ ಕೆಲಸ ಕಲಿಯಬೇಕಂತೆ, ಅದಕ್ಕೆ ಮೈಸೂರಿನಲ್ಲಿ ಒಂದು ಕೋರ್ಸ್ ಇದೆಯಂತೆ. ನಾನು ಅವಳನ್ನು ಬ್ಯಾಂಕಿನ ಗಾಜಿನ ಹಿಂದೆ ಕೂರಿಸಿ, ಎದುರು ಸಾಲಿನಲ್ಲಿ ನಿಂತು ಕಣ್ತುಂಬ ನೋಡುವ ಆಸೆ ಇಟ್ಟುಕೊಂಡವನು. "ಮೈಸೂರಿನ ಮಾತು ಆಮೇಲೆ, ಮೊದಲು ಕಂಪ್ಯೂಟರ್ ನೋಡಣ" ಎಂದೆ. ಆರಿಸುವ ಅವಕಾಶ ಬಂದರೆ ನನ್ನ ಕೈ ತುರಿಸುತ್ತದೆ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳಂತೆ. ಅದರೊಳಗೆ ಕೋರ್ ಎಂಬ ಆಳುಗಳಿರುತ್ತಾರಂತೆ. ಚಂದನಳಿಗೆ ಎಂಟು ಕೋರಿನದು ಬೇಕಿತ್ತು. ಕಂಪ್ಯೂಟರ್ ಅಂಗಡಿಗೆ ಹೋದಾಗ ಅಂಗಡಿಯವನು ಆರು ಕೋರಿನದೊಂದು, ಎಂಟು ಕೋರಿನದೊಂದು ಡಬ್ಬಿ ತಂದು ಮೇಜಿನ ಮೇಲಿಟ್ಟ. ನಾನು ಅಭ್ಯಾಸಬಲದಿಂದ ಒಂದನ್ನೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ.

"ಅಣ್ಣಾ, ಅಣ್ಣಾ! ಅದ್ರೊಳಗೆ ಕೊಬ್ಬರಿ ಇಲ್ಲ, ಇಡಿ ಕೆಳಗೆ!" ಎಂದು ಆತ ಎರಡೂ ಕೈ ಚಾಚಿದ. ಚಂದನ ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ವೈರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಕಿವಿಗೆ ಕೆಲಸವಿಲ್ಲವೆಂದ ಮೇಲೆ ಬಾಯಿಗೆ ಕೆಲಸ ಕೊಟ್ಟೆ. ಯಾವುದು ಎಷ್ಟು ಕರೆಂಟು ಕುಡಿಯುತ್ತದೆ, ಯಾವುದು ಎಷ್ಟು ಬಿಸಿಯಾಗುತ್ತದೆ ಎಂದು ವಿಚಾರಿಸಿದೆ. ಎಂಟು ಕೋರಿನದು ಹೆಚ್ಚು ಬಿಸಿ, ಆರು ಕೋರಿನದು ತಣ್ಣಗಿರುತ್ತದೆ, ಈ ಆಟಗಳಿಗೆ ಅದೇ ಸಾಕು, ಉಳಿದ ದುಡ್ಡಿನಲ್ಲಿ ತೆರೆಗೆ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ ಎಂದ ಅಂಗಡಿಯವನು. ನನಗೆ ಅಷ್ಟೇ ಬೇಕಿತ್ತು. ಬಿಸಿ ಎಂದರೆ ಏನೆಂದು ಕೊಬ್ಬರಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಆರು ಕೋರಿಂದೇ ಕೊಡಪ್ಪ. ತಣ್ಣಗಿರೋದು ಬಾಳಿಕೆ ಬರ್ತದೆ."

"ಅಪ್ಪಾ, ನನ್ನ ಫ್ರೆಂಡ್ಸ್ ಎಲ್ಲ ಎಂಟು ಅಂತಿದ್ದಾರೆ."

"ನಿನ್ನ ಫ್ರೆಂಡ್ಸು ಕೊಬ್ಬರಿ ಆರಿಸಿದ್ದಾರಾ?"

ಚಂದನ ಎಂಟು ಕೋರಿನ ಡಬ್ಬಿಯನ್ನು ಅಂಗಡಿಯವನ ಕಡೆ ತಳ್ಳಿದಳು. ಆಮೇಲೆ ಮೆಲ್ಲಗೆ, "ಸರಿ ಅಪ್ಪ. ಆದ್ರೆ ಈ ಪ್ರೊಸೆಸರ್ ಕೈ ಕೊಟ್ರೆ, ಮುಂದೆ ಏನು ಓದ್ಬೇಕು ಅನ್ನೋದನ್ನ ನಾನೇ ಆರಿಸ್ಕೊತೀನಿ. ಒಪ್ಗೆನಾ?" ಎಂದಳು. ಅಂಗಡಿಯವನ ಎದುರಿಗೆ ಹಿಂದೆ ಸರಿಯಲು ಆಗುತ್ತದೆಯೇ? "ಒಪ್ಗೆ. ಕೈ ಕೊಡದಿದ್ರೆ ನಾನು ಹೇಳಿದ್ದೇ ಓದ್ಬೇಕು" ಎಂದುಬಿಟ್ಟೆ. ಬ್ಯಾಂಕಿನ ಗಾಜು ನನ್ನ ಕಣ್ಣ ಮುಂದೆ ಫಳಫಳ ಹೊಳೆಯಿತು.

ಅಂಗಡಿಯಲ್ಲೇ ಜೋಡಿಸಿ ಕೊಡುತ್ತಿದ್ದರು. ನಮ್ಮ ತೋಟದ ಮೋಟಾರು ಬಿಚ್ಚಿ ಕಟ್ಟುವ ನಾನು ಒಂದು ಡಬ್ಬಿಗೆ ನಾಲ್ಕು ಸ್ಕ್ರೂ ಹಾಕಲಾರೆನೇ ಎಂದು ಎಲ್ಲವನ್ನೂ ಮನೆಗೆ ಹೊತ್ತುಕೊಂಡು ಬಂದೆ. ಮರುದಿನ ಚಂದನ ಕಾಲೇಜಿನಿಂದ ಬರುವಷ್ಟರಲ್ಲಿ, ಫೋನಿನಲ್ಲಿ ಕನ್ನಡದ ವಿಡಿಯೋ ನೋಡಿಕೊಂಡು, ಪ್ರೊಸೆಸರನ್ನು ಅದರ ಜಾಗದಲ್ಲಿ ಕೂರಿಸಿ, ಬಿಸಿ ದಾಟಿಸುವ ಬಿಳಿ ಪೇಸ್ಟು ಹಚ್ಚಿ, ಅದರ ಮೇಲೆ ಕೂಲರನ್ನಿಟ್ಟು ಬಿಗಿದಿದ್ದೆ. ಈ ಕೂಲರಿಗೆ ತಾಮ್ರದ ತಳ, ತಳದ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು, ಪಕ್ಕಕ್ಕೊಂದು ಫ್ಯಾನು. ಪ್ರೊಸೆಸರಿನ ಬಿಸಿಯನ್ನು ಹೀರಿ ಗಾಳಿಗೆ ಬಿಡುವುದು ಇದರ ಕೆಲಸ. ಆ ತಾಮ್ರ ಎಷ್ಟು ಮಿರಿಮಿರಿ ಮಿಂಚುತ್ತಿತ್ತೆಂದರೆ ನನ್ನ ಮೀಸೆ ಅದರಲ್ಲಿ ಕಾಣಿಸುತ್ತಿತ್ತು. ಉಳಿದ ವೈರುಗಳನ್ನು ಚಂದನ ಬಂದು ಸಿಕ್ಕಿಸಿದಳು.

ಉದ್ಘಾಟನೆಗೆ ಹಳೇಬೀಡಿನಿಂದ ನನ್ನ ಹೆಂಡತಿಯ ತಮ್ಮ ಶಿವಣ್ಣ ಬಂದಿದ್ದ. ಅವನು ಅಲ್ಲಿ ಗುಡಿಯ ಹತ್ತಿರ ಪ್ರವಾಸಿಗರಿಗೆ ಎಳನೀರು ಮಾರುತ್ತಾನೆ. ಎಳನೀರಿನವನಿಗೂ ಕೊಬ್ಬರಿಯವನಿಗೂ ಹೊಂದಿಕೆಯಾಗುವುದು ಕಷ್ಟ. ನಾನು ವರ್ಷವಿಡೀ ಕಾಯುವ ಕಾಯಿಯನ್ನು ಅವನು ಎಳೆಯದರಲ್ಲೇ ಕೊಚ್ಚಿ, ಸ್ಟ್ರಾ ಚುಚ್ಚಿ ಮುಗಿಸಿಬಿಡುತ್ತಾನೆ. ಬಂದವನು ಸೋಫಾದ ಮೇಲೆ ಕೂತ. ಪರಪರ ಎಂದು ಸದ್ದಾಯಿತು. ನಮ್ಮ ಸೋಫಾ ಕೊಂಡಾಗ ಬಂದ ಪ್ಲಾಸ್ಟಿಕ್ ಇನ್ನೂ ಅದರ ಮೇಲೇ ಇದೆ. ಫ್ರಿಜ್ಜಿನ ಬಾಗಿಲಿಗೂ ಇದೆ, ಟಿ.ವಿ. ರಿಮೋಟಿಗೂ ಇದೆ, ಸ್ಕೂಟರಿನ ಸೀಟಿಗೂ ಇದೆ. ಪ್ಲಾಸ್ಟಿಕ್ ತೆಗೆದ ಗಳಿಗೆಯಿಂದ ಸಾಮಾನು ಹಳೆಯದಾಗುತ್ತದೆ ಎನ್ನುವುದು ನನ್ನ ಸಿದ್ಧಾಂತ. ಬೇಸಿಗೆಯಲ್ಲಿ ಸೋಫಾದಿಂದ ಏಳುವ ನೆಂಟರು ಚರ್ಮ ಬಿಡಿಸಿಕೊಂಡೇ ಏಳಬೇಕಾಗುತ್ತದೆ, ಆದರೆ ಸೋಫಾ ಮಾತ್ರ ಹೊಚ್ಚಹೊಸದು.

ಚಂದನ ಆಟ ಶುರುಮಾಡಿದಳು. ತೆರೆಯ ಮೇಲೆ ಕಾಡು, ಕೋಟೆ, ಓಡುವ ಕುದುರೆ. ಮೂಲೆಯಲ್ಲೊಂದು ಅಂಕಿ ಪ್ರೊಸೆಸರಿನ ಬಿಸಿಯನ್ನು ತೋರಿಸುತ್ತಿತ್ತು. ಅದು ಕುದುರೆಗಿಂತ ವೇಗವಾಗಿ ಓಡಿ ತೊಂಬತ್ತು ಡಿಗ್ರಿ ದಾಟಿತು. ಆಮೇಲೆ ಟಪ್ಪೆಂದು ಎಲ್ಲ ಕಪ್ಪಾಯಿತು. ಮತ್ತೆ ಹಚ್ಚಿದಳು. ಕುದುರೆ ಕೋಟೆಯ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಟಪ್!

"ಏನ್ ಭಾವ, ತಣ್ಣಗಿರೋದು ಅಂತ ತಂದ್ರಂತೆ? ಇದ್ರ ಮೇಲೆ ಕಾಫಿ ಕಾಯಿಸ್ಬೋದು ಕಣ್ರೀ!" ಎಂದ ಶಿವಣ್ಣ, ಸೋಫಾದ ಮೇಲೆ ಪರಪರ ನಗುತ್ತ.

"ನೀನು ಸುಮ್ಕಿರೋ" ಎಂದಳು ನನ್ನ ಹೆಂಡತಿ ಗಿರಿಜ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾರೀ, ಅಂಗಡಿಯೋನು ಜೋಡಿಸ್ಕೊಡ್ತೀನಿ ಅಂದ್ನಂತೆ?" ಎಂದಳು.

ಚಂದನ ಮೌಸಿನ ವೈರು ಸುತ್ತಿಡತೊಡಗಿದಳು. ಗೆದ್ದವರು ಬಾಯಿ ಬಿಡದಿದ್ದರೆ ಸೋತವನಿಗೆ ಆಗುವ ಹಿಂಸೆ ಹೇಳತೀರದು. ಅಂಗಡಿಗೆ ಫೋನು ಮಾಡಿದೆ. "ನೀವೇ ಫಿಟ್ ಮಾಡಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ ಅಣ್ಣ. ಅಲ್ಲಾಡಿಸಿಲ್ಲ ತಾನೆ?" ಎಂದ. ಬ್ಯಾಂಕಿನ ಗಾಜು ನನ್ನ ಕಣ್ಣೆದುರೇ ಬಿರುಕುಬಿಟ್ಟಿತು. ಗಾಜು ಹೋದರೆ ಹೋಗಲಿ, ನನ್ನ ಆಯ್ಕೆ ಕೆಟ್ಟಿತು ಎಂಬ ಮಾತು ಹಳೇಬೀಡಿನವರೆಗೆ ಬಸ್ಸು ಹತ್ತಿ ಹೋಗುತ್ತದಲ್ಲ!

ಬೇರೇನೂ ತೋಚದೆ ಕಂಪ್ಯೂಟರ್ ಡಬ್ಬಿಯ ಪಕ್ಕದ ಮುಚ್ಚಳ ತೆಗೆಸಿ, ಕೂಲರಿನ ರೆಕ್ಕೆಗಳ ಮೇಲೆ ಕೈಯಿಟ್ಟೆ. ಸುಡುತ್ತದೆಂದು ಹೆದರಿಕೊಂಡೇ ಇಟ್ಟೆ. ನೋಡಿದರೆ ತಣ್ಣಗಿದೆ! ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದೆ. ಕೆಳಗೆ ಬೆಂಕಿ, ಮೇಲೆ ತಂಪು. ಇದನ್ನು ನಾನು ಎಲ್ಲೋ ಮುಟ್ಟಿದ್ದೇನಲ್ಲ ಎನಿಸಿತು. ಮುಟ್ಟಿದ್ದು ಅಂಗಳದಲ್ಲಿ. ಕೊಬ್ಬರಿ ರಾಶಿಗೆ ಮೋಡ ಕಂಡು ಟಾರ್ಪಾಲು ಹೊದಿಸಿ, ತೆಗೆಯಲು ಮರೆತರೆ ಹೀಗೇ ಆಗುತ್ತದೆ. ಒಳಗೆ ಬೆವತು ಬೇಯುತ್ತಿರುತ್ತದೆ, ಮೇಲೆ ಕೈಯಿಟ್ಟವನಿಗೆ ತಿಳಿಯುವುದೇ ಇಲ್ಲ.

"ಚಂದನಾ, ಮಧ್ಯದಲ್ಲಿ ಏನೋ ಅಡ್ಡ ಐತೆ ಕಣೇ. ಇದನ್ನ ಬಿಚ್ಚು" ಎಂದೆ.

ಕಂಪ್ಯೂಟರಿನ ಕರೆಂಟು ವೈರು ಕಿತ್ತು, ಚಂದನ ಕೂಲರ್ ಬಿಚ್ಚಿ ಮಗುಚಿದಳು. ತಾಮ್ರದ ತಳಕ್ಕೆ ಅಂಟಿಕೊಂಡು ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ನಾನು ಹಚ್ಚಿದ ಪೇಸ್ಟೆಲ್ಲ ಅದಕ್ಕೇ ಮೆತ್ತಿಕೊಂಡಿತ್ತು. ಒರೆಸಿ ನೋಡಿದರೆ, ಜೋಡಿಸುವ ಮೊದಲು ಇದನ್ನು ತೆಗೆಯಿರಿ ಎಂದು ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

"ಅಪ್ಪಾ, ಇಷ್ಟು ದೊಡ್ಡದಾಗಿ ಬರ್ದವ್ರೆ, ಕಾಣ್ಲಿಲ್ವಾ?"

ಕಾಣದೆ ಏನು? ಅಷ್ಟು ಇಂಗ್ಲಿಷು ಏಳನೇ ತರಗತಿಯವನಿಗೂ ಬರುತ್ತದೆ. ಓದಿಯೇ ಬಿಟ್ಟಿದ್ದೆ. ಹೊಸ ತಾಮ್ರ, ಗೀರು ಬೀಳುತ್ತದೆ, ಇರಲಿ ಎಂದು ಅಂಚಿನಲ್ಲಿ ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿ ಕೂರಿಸಿಯೂ ಇದ್ದೆ. ಇದನ್ನು ಹೇಳುತ್ತಿದ್ದಂತೆ ಶಿವಣ್ಣ ಸೋಫಾದ ಮೇಲೆ ಹೊರಳಾಡಿಬಿಟ್ಟ. ಪರಪರ ಸದ್ದಿಗೆ ಪಕ್ಕದ ಮನೆಯವರು ಇಣುಕಿದರು.

ಪ್ಲಾಸ್ಟಿಕ್ ಕಿತ್ತು, ಕೊಳವೆಯಲ್ಲಿ ಉಳಿದಿದ್ದ ಪೇಸ್ಟು ಹಚ್ಚಿ, ಮತ್ತೆ ಬಿಗಿದೆವು. ಕುದುರೆ ಓಡಿತು, ಕೋಟೆಯ ಬಾಗಿಲು ದಾಟಿತು, ಒಳಗೆ ಹೋಗಿ ಯಾರನ್ನೋ ಒದೆಯಿತು. ಮೂಲೆಯ ಅಂಕಿ ಅರವತ್ತರ ಆಚೀಚೆ ಮೆಲ್ಲಗೆ ಆಡಿಕೊಂಡಿತ್ತು. ರೆಕ್ಕೆಗಳ ಮೇಲೆ ಕೈಯಿಟ್ಟೆ, ಈಗ ತಾನೇ ಮೇವು ತಿಂದ ಕರುವಿನ ಮೈಯಷ್ಟು ಬೆಚ್ಚಗೆ. ನನ್ನ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು. ಆಯ್ಕೆ ಕೆಟ್ಟಿರಲಿಲ್ಲ! ಗಿರಿಜ ಎಲ್ಲರಿಗೂ ಕಾಫಿ ತಂದಳು. ಶಿವಣ್ಣ ಕೂಡ, "ಪ್ರೊಸೆಸರ್ ಒಳ್ಳೇದೇ ಐತೆ ಬಿಡಿ ಭಾವ, ತಂದೋರ್ದೇ ಒಸಿ ಹೆಚ್ಚುಕಮ್ಮಿ" ಎಂದ.

ಚಂದನ ಆಟ ನಿಲ್ಲಿಸಿ ಕೈಕಟ್ಟಿ ಕೂತಳು. "ನೀನೇ ಗೆದ್ದೆ ಅಪ್ಪ. ಹೇಳು, ಏನು ಓದ್ಲಿ?"

ಹೇಳಲು ಬಾಯಿ ತೆರೆದೆ. ತೆರೆಯ ಮೇಲೆ ಅವಳ ಕುದುರೆ, ಹೊರಡಲು ಅಪ್ಪಣೆಗಾಗಿ ಕಾದು ನೆಲ ಕೆರೆಯುತ್ತಿತ್ತು. ಕೈಯಲ್ಲಿ ಆ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿತ್ತು, ಕೊಡವಿದರೂ ಬೀಳಲೊಲ್ಲದು. ಒಳ್ಳೆಯದಾಗಲಿ ಎಂದು ಹೊದಿಸಿದ್ದೇ ಇಷ್ಟು ಹೊತ್ತು ಉಸಿರು ಕಟ್ಟಿಸಿತ್ತಲ್ಲ.

"ಗೆದ್ದೋನು ನಾನು, ಆರ್ಸೋನೂ ನಾನೇ" ಎಂದೆ ಮೀಸೆಯ ಮೇಲೆ ಕೈಯಾಡಿಸಿ. "ಮೈಸೂರಿಂದೇ ಆರ್ಸಿದೀನಿ. ಹೋಗಿ ಕಲ್ತ್ಕೊಂಡು ಬಾ."

ಚಂದನ ಓಡಿಬಂದು ನನ್ನ ತೋಳು ಹಿಡಿದಳು. ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡು, ಸದ್ಯ ಒಂದಾದರೂ ಒಳ್ಳೆಯದನ್ನು ಆರಿಸಿದಿರಲ್ಲ ಎಂದಳು. ಅದೇ ಹುರುಪಿನಲ್ಲಿ ಅವಳು ಸೋಫಾ, ಫ್ರಿಜ್ಜು, ರಿಮೋಟುಗಳ ಪ್ಲಾಸ್ಟಿಕ್ಕನ್ನೆಲ್ಲ ಸುಲಿದು ಹಾಕಿದಳು. ನಾನೂ ತಡೆಯಲಿಲ್ಲ. ಪಾಠ ಕಲಿತಿದ್ದೆ. ಈಗ ನೆಂಟರು ಸದ್ದಿಲ್ಲದೆ ಕೂರುತ್ತಾರೆ, ನೋವಿಲ್ಲದೆ ಏಳುತ್ತಾರೆ.

ಆದರೆ ಸೋಫಾದ್ದು ಒಳ್ಳೆಯ ದಪ್ಪ ಪ್ಲಾಸ್ಟಿಕ್ಕು. ಎಸೆಯಲು ಮನಸ್ಸು ಬರಲಿಲ್ಲ. ಧೂಳು ಬೀಳದಿರಲಿ ಎಂದು ಅಳತೆಗೆ ಕತ್ತರಿಸಿ, ಸುತ್ತಲೂ ಟೇಪು ಹಾಕಿ, ಈಗಷ್ಟೇ ಕಂಪ್ಯೂಟರಿಗೆ ಹೊದಿಸಿ ಬಂದು ಇಲ್ಲಿ ಬರೆಯಲು ಕೂತಿದ್ದೇನೆ. ಒಳಗಿನ ಕೋಣೆಯಿಂದ ಚಂದನ "ಅಪ್ಪಾ!" ಎಂದು ಕೂಗುತ್ತಿದ್ದಾಳೆ. ದನಿ ಕೇಳಿದರೆ ಸ್ವಲ್ಪ ಬಿಸಿಯಾಗಿರುವ ಹಾಗಿದೆ.